ಸ್ವಂತ ಹಾಡಿಗೂ ಅರ್ಧ ಗಂಟೆ ಕೊಡಿ

ಮಾನ್ಯ ಸಂಪಾದಕರೇ,

ನಾನು ಕಾಪುವಿನಲ್ಲಿ 24 ವರ್ಷಗಳಿಂದ ಸೌಂಡ್ಸ್ ಆ್ಯಂಡ್ ಲೈಟಿಂಗ್ಸ್ ನಡೆಸುತ್ತಿದ್ದೇನೆ. ಕೋಲ, ಭಜನೆ, ಮದುವೆ, ಯಕ್ಷಗಾನ ಎಲ್ಲದಕ್ಕೂ ಸ್ಪೀಕರ್ ಬಾಕ್ಸ್ ಹೊತ್ತವನು. ಈ ಪತ್ರ ನಮ್ಮ ಕಡೆಯ ನಾಲ್ವರು ಮಕ್ಕಳ ಬ್ಯಾಂಡಿನ ಪರವಾಗಿ. ಗಿಟಾರ್, ಡ್ರಮ್ಸ್, ಕೀಬೋರ್ಡ್, ಜೊತೆಗೆ ಲ್ಯಾಪ್‌ಟಾಪಿನಲ್ಲಿ ತಾವೇ ಕಟ್ಟಿದ ಎಲೆಕ್ಟ್ರಾನಿಕ್ ಸಂಗೀತ. ಹಾಡು ಕನ್ನಡ, ತುಳು. ಆರು ವರ್ಷವಾದರೂ ಬೆನ್ನಿಗೆ ಆಡಿಯೊ ಕಂಪನಿ ಇಲ್ಲ. ಹಗಲು ಕೆಲಸ, ಸಂಜೆ ನನ್ನ ಗೋಡೌನಿನಲ್ಲಿ ಪ್ರಾಕ್ಟೀಸ್.

ಕಳೆದ ಜನವರಿಯಲ್ಲಿ ಒಂದು ಸಂಘದ ವಾರ್ಷಿಕೋತ್ಸವಕ್ಕೆ ಇವರನ್ನು ಕರೆದಿದ್ದರು. ಕೊಟ್ಟ ಸಮಯ ಎಂಟೂವರೆ. ಸನ್ಮಾನ, ಶಾಲು, ಹಾರ, ಸ್ಮರಣಿಕೆ, ಧನ್ಯವಾದ ಎಲ್ಲ ಮುಗಿಯುವಾಗ 9.35. ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಮೈಕ್ ಹಾಕಬಾರದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮವಿದೆ, ನಾನು ಅದನ್ನು ಮೀರುವವನಲ್ಲ. ಉಳಿದದ್ದು 25 ನಿಮಿಷ. ಲ್ಯಾಪ್‌ಟಾಪ್ ಜೋಡಿಸಿದ ಕೂಡಲೇ ಬಾಕ್ಸಿನಲ್ಲಿ ಗುಂಯ್ ಎಂಬ ಹಮ್. ಸಂಜೆಯೇ ಸೌಂಡ್ ಚೆಕ್ ಆಗಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಅತಿಥಿಗಳು ಬರುವ ಹೊತ್ತೆಂದು ಇವರನ್ನು ವೇದಿಕೆ ಹತ್ತಲು ಬಿಟ್ಟಿರಲಿಲ್ಲ. ಜನರೇಟರಿನ ಅರ್ಥ್ ಸರಿಯಿಲ್ಲದಾಗ ಚಾರ್ಜರಿನ ಮೂಲಕ ಆ ಸದ್ದು ಮಿಕ್ಸರಿಗೆ ನುಗ್ಗುತ್ತದೆ. ಚಾರ್ಜರ್ ಕಿತ್ತೆ, ನಿಂತಿತು. ಬ್ಯಾಟರಿಯಲ್ಲಿ ಶೇ 31 ಇತ್ತು. ಡ್ರಮ್ಸ್ ಹುಡುಗನ ಕಿವಿಗೆ ತಾಳದ ಟಿಕ್ ಟಿಕ್ ಬರುವುದೂ ಆ ಲ್ಯಾಪ್‌ಟಾಪಿನಿಂದಲೇ. ಅದು ಆಫ್ ಆದರೆ ಹಾಡು ಅಲ್ಲಿಗೇ ನಿಲ್ಲುತ್ತದೆ. ಪ್ಲಾಸ್ಟಿಕ್ ಕುರ್ಚಿಯ ಮೇಲಿದ್ದ ಆ ಸ್ಕ್ರೀನನ್ನೇ ನೋಡುತ್ತಾ ಬಾರಿಸಿದ ಅವನ ಮುಖ ನನ್ನ ಕಣ್ಣಿಂದ ಹೋಗುವುದಿಲ್ಲ.

ಎರಡನೇ ಹಾಡಿನ ನಡುವೆ ಪದಾಧಿಕಾರಿಯೊಬ್ಬರು ನನ್ನ ಬಳಿ ಬಂದು, "ಸಿನಿಮಾ ಹಾಡು ಹೇಳ್ಲಿಕ್ಕೆ ಹೇಳಿ ಮಾರಾಯ್ರೆ" ಎಂದರು. ಕೀಬೋರ್ಡಿನ ಹುಡುಗಿ ಇಲ್ಲವೆಂದು ತಲೆಯಾಡಿಸಿ ಮೂರನೆಯದನ್ನೂ ಸ್ವಂತದ್ದೇ ಹಾಡಿದಳು. ಒಪ್ಪಿದ್ದ 8,000 ರೂಪಾಯಿ 3,000ಕ್ಕೆ ಇಳಿಯಿತು. ನನ್ನ ಬಿಲ್ ಮಾತ್ರ ಪೂರ್ತಿ ಕೊಟ್ಟರು. ಅದನ್ನು ಆ ಮಕ್ಕಳ ಎದುರು ಎಣಿಸಿಕೊಳ್ಳಲು ನನಗೆ ನಾಚಿಕೆಯಾಯಿತು.

ಆನ್‌ಲೈನಿನಲ್ಲಿ ಹಾಕಿದರೆ ದುಡ್ಡು ಬರುತ್ತದಲ್ಲ ಎನ್ನುವವರಿದ್ದಾರೆ. ಸ್ಪಾಟಿಫೈಯಲ್ಲಿ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಪ್ಲೇ ಆಗದ ಹಾಡಿಗೆ ರಾಯಲ್ಟಿಯೇ ಇಲ್ಲ. ತುಳು ಹಾಡನ್ನು ಸಾವಿರ ಸಲ ಕೇಳುವವರು ಎಲ್ಲಿಂದ ಬರಬೇಕು? ನಮ್ಮ ಊರಿನ ಇಂಥ ವೇದಿಕೆಗಳ ಮುಂದೆ ಕುಳಿತವರಿಂದಲೇ ತಾನೆ? ಯಾರಿಗೂ ಬರೆದುಕೊಡದ ಕಾರಣ ಹಾಡಿನ ಹಕ್ಕು ಇಂದಿಗೂ ಈ ನಾಲ್ವರದ್ದೇ, ಅದೊಂದು ಸಮಾಧಾನ.

ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ಸಾಂಸ್ಕೃತಿಕ ಸಂಸ್ಥೆ ಮಾಂಡ್ ಸೊಭಾಣ್‌ನವರು ತಿಂಗಳ ಮೊದಲ ಭಾನುವಾರ ವೇದಿಕೆ ಕೊಡುವ ಪದ್ಧತಿಯನ್ನು ಎರಡು ದಶಕ ಮೀರಿ ನಡೆಸಿಕೊಂಡು ಬಂದಿದ್ದಾರೆ. ದಿನ ಗೊತ್ತಿದ್ದರೆ ಜನರಿಗೂ ಬಂದು ಕೂರುವ ಅಭ್ಯಾಸವಾಗುತ್ತದೆ. ಉಡುಪಿಯಲ್ಲಿ ಸ್ವಂತ ಹಾಡು ಕಟ್ಟುವ ಬ್ಯಾಂಡುಗಳಿಗೂ ಹಾಗೊಂದು ಸಂಜೆ ಬೇಕು. ಅಲ್ಲಿಯವರೆಗೆ ಸಂಘ ಸಂಸ್ಥೆಯವರು ಸಭಾ ಕಾರ್ಯಕ್ರಮಕ್ಕಿಂತ ಮೊದಲೇ ಇವರಿಗೆ ಅರ್ಧ ಗಂಟೆ ಕೊಡಲಿ, ಒಪ್ಪಿದ ಹಣವನ್ನು ಒಪ್ಪಿದಷ್ಟೇ ಕೊಡಲಿ.

ತಿಂಗಳಿಗೊಂದು ಸಂಜೆ ಹಾಲ್ ಬಿಟ್ಟುಕೊಡುವವರು ಇದೇ ಅಂಕಣಕ್ಕೆ ಬರೆದು ತಿಳಿಸಲಿ. ಬಾಕ್ಸ್, ಮಿಕ್ಸರ್, ಲೈಟ್ ನಾನು ತರುತ್ತೇನೆ, ಬಾಡಿಗೆ ಬೇಡ.

– ಸೌಂಡ್ಸ್ ಕೆಲಸದವ, ಕಾಪು