ಲೋಕೋಪಯೋಗಿ ಸಚಿವರಿಗೆ: ಟೆಂಡರಿನಲ್ಲಿ ಒಂದು ಐಟಂ ಸೇರಿಸಿ

ಮಾನ್ಯ ಸಚಿವರೇ,

ನಾನು ಸಿವಿಲ್ ಎಂಜಿನಿಯರ್. ಬೆಂಗಳೂರಿನ ಗುತ್ತಿಗೆ ಕಂಪನಿಗಳಲ್ಲಿ ಹನ್ನೊಂದು ವರ್ಷ ಕಳೆದಿದ್ದೇನೆ. ಅದರಲ್ಲಿ ಸೈಟಿನಲ್ಲಿ ನಿಂತದ್ದು ಎರಡೇ ವರ್ಷ.

ಈ ಊರಲ್ಲಿ ದೊಡ್ಡ ಸ್ಲ್ಯಾಬ್ ಹಾಕುವುದು ಹೆಚ್ಚಾಗಿ ರಾತ್ರಿ. ಹಗಲು ಟ್ರಾಫಿಕ್‌ನಲ್ಲಿ ಮಿಕ್ಸರ್ ಲಾರಿ ಸಿಕ್ಕಿಕೊಂಡರೆ ಕಾಂಕ್ರೀಟ್ ಹಾಳು, ಅಲ್ವಾ? "ಮೇಡಂ, ರಾತ್ರಿ ಕೆಲಸ, ನೀವು ಮನೆಗೆ ಹೊರಡಿ" ಎನ್ನುತ್ತಿದ್ದರು ಸೈಟಿನವರು. ಒಳ್ಳೆ ಮನಸ್ಸಿನಿಂದಲೇ ಹೇಳುತ್ತಿದ್ದರು. ಹಾಗಾಗಿ ಜಗಳ ಆಡುವುದಕ್ಕೂ ಆಗುತ್ತಿರಲಿಲ್ಲ. ಆದರೆ ಹಸಿ ಕಾಂಕ್ರೀಟ್ ಹೊರುವ ಸೆಂಟ್ರಿಂಗ್ ಸ್ವಲ್ಪ ಬಾಗಿದಂತೆ ಕಂಡರೆ ಏನು ಮಾಡಬೇಕು, ನಡುವೆ ಪಂಪ್ ಕೆಟ್ಟರೆ ಕಾಂಕ್ರೀಟ್ ಎಲ್ಲಿ ನಿಲ್ಲಿಸಿ ಜಾಯಿಂಟ್ ಬಿಡಬೇಕು, ಇದೆಲ್ಲ ಕಲಿಯುವುದು ಆ ರಾತ್ರಿಗಳಲ್ಲೇ. ಕೊನೆಗೆ ನನ್ನನ್ನು ಆಫೀಸಿನಲ್ಲಿ ಬಿಲ್ಲಿಂಗ್‌ಗೆ ಕೂರಿಸಿದರು. ನನ್ನ ಜೊತೆ ಸೇರಿದ ಹುಡುಗ ಈಗ ಪ್ರಾಜೆಕ್ಟ್ ಮ್ಯಾನೇಜರ್. ಅವನ ಬಿಲ್ ನಾನು ಚೆಕ್ ಮಾಡುತ್ತೇನೆ.

2025ರ ಜೂನ್‌ನಲ್ಲಿ ಜಮ್ಮು-ಕಾಶ್ಮೀರದ ಚೆನಾಬ್ ರೈಲು ಸೇತುವೆ ಉದ್ಘಾಟನೆಯಾದಾಗ, ನಮ್ಮ ಐಐಎಸ್‌ಸಿಯ ಪ್ರೊಫೆಸರ್ ಮಾಧವಿ ಲತಾ ಅವರ ಫೋಟೊ ಆಫೀಸಿನ ಗ್ರೂಪಿನಲ್ಲಿ ಓಡಾಡಿತು. ಹಾಕಿದವರಲ್ಲಿ ನನ್ನನ್ನು ಮನೆಗೆ ಕಳಿಸಿದವರೂ ಇದ್ದರು! ಆ ಸೇತುವೆಗೆ ಮಾಧವಿ ಲತಾ 17 ವರ್ಷ ದುಡಿದಿದ್ದಾರೆ. ಅಗೆದಂತೆ ಬಂಡೆ ಬೇರೆ ಥರ ಕಂಡಿತು, ಅದಕ್ಕೆ ತಕ್ಕಂತೆ ಡಿಸೈನ್ ಬದಲಾಯಿತು. ಸುಮ್ನೆ ಆಫೀಸಿನಲ್ಲಿ ಕೂತು ಬಂಡೆ ಓದಲು ಆಗುವುದಿಲ್ಲ.

ಇನ್ನು ಶೌಚಾಲಯ. ಆ ಎರಡು ವರ್ಷ ಬೆಳಿಗ್ಗೆ ನೀರು ಕುಡಿಯದೆ ಮನೆ ಬಿಡುತ್ತಿದ್ದೆ. ಜಲ್ಲಿ ಹೊರುವ ಹೆಂಗಸರ ಪಾಡು ನನಗಿಂತ ಕಷ್ಟ. ಸೈಟಿನಲ್ಲಿ ಶೌಚಾಲಯ ಇರಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿದ್ದರು. ಬರೆದದ್ದು ಅಲ್ಲೇ ಉಳಿಯಿತು. ಬಿಒಕ್ಯೂನಲ್ಲಿ, ಅಂದರೆ ಟೆಂಡರಿನ ಕೆಲಸ-ಸಾಮಾನುಗಳ ಪಟ್ಟಿಯಲ್ಲಿ, ಇಲ್ಲದ್ದು ಸೈಟಿನಲ್ಲೂ ಇರುವುದಿಲ್ಲ. ಬಿಲ್ಲಿಂಗ್ ನನಗೆ ಕಲಿಸಿದ್ದು ಇಷ್ಟು.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಇಲಾಖೆಯ ಟೆಂಡರುಗಳಲ್ಲಿ ಹೆಂಗಸರ ಶೌಚಾಲಯ, ರಾತ್ರಿ ಮನೆಗೆ ಬಿಡುವ ಗಾಡಿ, ಎರಡನ್ನೂ ಬೇರೆ ಐಟಂ ಮಾಡಿ. ಆದ ಕೆಲಸ ಅಳೆದು ಬರೆಯುವ ಎಂ-ಬುಕ್‌ನಲ್ಲಿ ಬರೆಸಿ, ದುಡ್ಡು ಕೊಡಿ. ಓವರ್‌ಹೆಡ್‌ನಲ್ಲಿ, ಅಂದರೆ ಇತರೆ ಖರ್ಚಿನಲ್ಲಿ, ಸೇರಿಸಿದರೆ ಕಂಟ್ರಾಕ್ಟರ್ ಮೊದಲು ದುಡ್ಡು ಉಳಿಸುವುದು ಅದರಲ್ಲೇ. ಹಾಗೇ ಗುತ್ತಿಗೆದಾರರು ಕೊಡಬೇಕಾದ ಮುಖ್ಯ ಸಿಬ್ಬಂದಿ ಪಟ್ಟಿಯಲ್ಲಿ ಒಬ್ಬಳಾದರೂ ಸೈಟ್ ಎಂಜಿನಿಯರ್ ಇರಲಿ. ಬಿಲ್ಲಿಂಗ್‌ನವಳು ಲೆಕ್ಕಕ್ಕಿಲ್ಲ ಅಂತಲೂ ಬರೆಯಿರಿ.

ಮುಂದಿನ ತಿಂಗಳು ನಿಮ್ಮ ಇಲಾಖೆಯ ಒಂದು ಕೆಲಸಕ್ಕೆ ನಾವು ಟೆಂಡರ್ ಹಾಕುತ್ತಿದ್ದೇವೆ. ಬಿಒಕ್ಯೂ ತೆರೆದು ನೋಡುವವಳು ನಾನೇ.

ಇಂತಿ,
ಒಬ್ಬ ಸಿವಿಲ್ ಎಂಜಿನಿಯರ್, ಬೆಂಗಳೂರು