ಇಲ್ಲಿ ತಿನ್ನದ ಈರುಳ್ಳಿಗೂ ನಿಷೇಧ ಯಾಕೆ?

ಚಿಕ್ಕಬಳ್ಳಾಪುರದ ಸಂಸದರಿಗೆ,

ನಮಸ್ಕಾರ ಸರ್. ನಾನು ಕೃಷಿ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮಳೆ ಕೈಕೊಟ್ಟಾಗ ವ್ಯಾಪಾರ ರೈತನ ಕೈಹಿಡಿಯುತ್ತದಾ ಅನ್ನೋದೇ ನನ್ನ ವಿಷಯ. ಇದಕ್ಕೆ ನಿಮ್ಮ ಕ್ಷೇತ್ರದ ರೋಸ್ ಈರುಳ್ಳಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಗೆಡ್ಡೆ ನಿಮಗೆ ಗೊತ್ತೇ ಇದೆ. ಚಿಕ್ಕದು, ಬುಡ ಚಪ್ಪಟೆ, ಕಡು ಗುಲಾಬಿ ಬಣ್ಣ, ಘಾಟು ಜಾಸ್ತಿ. 2015ರಲ್ಲಿ ಜಿಐ ಟ್ಯಾಗ್, ಅಂದರೆ ಈ ಪ್ರದೇಶದ್ದೇ ವಿಶೇಷ ಬೆಳೆ ಎಂಬ ಅಧಿಕೃತ ಗುರುತು ಕೂಡ ಬಂತು. ಆದರೆ ನಮ್ಮ ಮನೆಗಳಲ್ಲಿ ಇದನ್ನು ಕೇಳುವವರೇ ಕಡಿಮೆ. ಹೆಚ್ಚಿನ ಮಾಲು ಮಲೇಷ್ಯಾ, ಸಿಂಗಪುರದ ಕಡೆ ಹಡಗು ಹತ್ತುತ್ತದೆ.

2020ರಲ್ಲಿ ಏನಾಯಿತು ನೋಡಿ. ಮಳೆ ವಿಪರೀತವಾಗಿ ಕರ್ನಾಟಕದ ಈರುಳ್ಳಿ ಬೆಳೆ ಹಾಳಾಯಿತು, ಪೇಟೆಯಲ್ಲಿ ಬೆಲೆ ಏರಿತು. ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿತು. ಆ ಆದೇಶದಲ್ಲಿ ರೋಸ್ ಈರುಳ್ಳಿಯ ಹೆಸರನ್ನೂ ಬಿಡದೆ ಸೇರಿಸಿತ್ತು. ಅಕ್ಟೋಬರ್‌ನಲ್ಲಿ 10,000 ಟನ್ ಕಳಿಸಲು ಒಪ್ಪಿತು, ಅದೂ ಚೆನ್ನೈ ಬಂದರಿನಿಂದ ಮಾತ್ರ. 2019ರಲ್ಲೂ ಇದೇ ಕಥೆ. ಆಗ ಬಿಟ್ಟಿದ್ದು 9,000 ಟನ್. 2023ರ ಆಗಸ್ಟ್‌ನಲ್ಲಿ ಶೇ 40ರಷ್ಟು ರಫ್ತು ಸುಂಕ ಬಂತು. ಸೆಪ್ಟೆಂಬರ್ ಕೊನೆಗೆ ರೋಸ್ ಈರುಳ್ಳಿಗೆ ವಿನಾಯಿತಿ ಸಿಕ್ಕಿತು, ಆದರೆ ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಬೇಕಿತ್ತು. ಅಂದರೆ ಪ್ರತಿ ಸಲವೂ ಮೊದಲು ಬಾಗಿಲು ಹಾಕೋದು, ಆಮೇಲೆ ಕಿಟಕಿ ತೆಗೆಯೋದು.

ರೈತ ಸೋಲುವುದು ಆ ನಡುವಿನ ವಾರಗಳಲ್ಲೇ. ಕಿತ್ತ ಗೆಡ್ಡೆ ತೇವದ ಹವೆಯಲ್ಲಿ ಸುಮ್ನೆ ಕೂರುವುದಿಲ್ಲ. ಚೀಲದಲ್ಲಿ ಒಂದು ಕೊಳೆತರೆ ಪಕ್ಕದ್ದೂ ಕೊಳೆಯುತ್ತದೆ. ಆರಿಸಿ ತೆಗೆಯಲು ಮತ್ತೆ ಕೂಲಿ ಕೊಡಬೇಕು. ಹತ್ತು ಚೀಲ ಬರುವ ಕಡೆ ಆರೇ ಬಂದಾಗ ಆ ಆರಕ್ಕೆ ಒಳ್ಳೆ ಬೆಲೆ ಸಿಕ್ಕರೆ ತಾನೇ ಸಾಲ ತೀರೋದು? ನಿಷೇಧ ಬರುವುದೂ ಸರಿಯಾಗಿ ಅದೇ ಹೊತ್ತಿಗೆ. ಬೆಳೆ ಕೆಟ್ಟಾಗಲೇ ಅಲ್ವಾ ಬೆಲೆ ಏರುವುದು?

ಈರುಳ್ಳಿ ಕೊಳ್ಳುವವರ ಕಷ್ಟವೂ ನಿಜ. ಆದರೆ ಅವರು ಅಡುಗೆಗೆ ಹಾಕದ ಈರುಳ್ಳಿಯನ್ನು ಬಂದರಿನಲ್ಲಿ ತಡೆದರೆ ಅವರಿಗೇನು ಲಾಭ?

ಬ್ರಿಟಿಷರ ಕಾಲದ ರೈಲುಗಳ ಬಗ್ಗೆ ಅರ್ಥಶಾಸ್ತ್ರಜ್ಞ ಡೇವ್ ಡೊನಾಲ್ಡ್‌ಸನ್ ಅಧ್ಯಯನ ಮಾಡಿದ್ದಾರೆ. ರೈಲು ಬಂದು ವ್ಯಾಪಾರ ಸಲೀಸಾದ ಕಡೆ ಊರಿನ ಬೆಲೆ ಊರಿನ ಮಳೆಯೊಂದನ್ನೇ ನಂಬಿಕೊಂಡಿರುವುದು ಕಡಿಮೆಯಾಯಿತು ಎಂದು ತೋರಿಸಿದ್ದಾರೆ. ಹಾಗಂತ ವ್ಯಾಪಾರ ಎಲ್ಲಕ್ಕೂ ಮದ್ದಲ್ಲ. 1876–78ರ ಬರದಲ್ಲಿ ಜನ ಸಾಯುತ್ತಿದ್ದಾಗಲೂ ದೇಶದಿಂದ ಧಾನ್ಯ ಹೊರಗೆ ಹೋಗುತ್ತಲೇ ಇತ್ತು. ಆಹಾರಧಾನ್ಯಕ್ಕೆ ಒಂದು ನಿಯಮ ಇರಲಿ, ರಫ್ತಿಗೆಂದೇ ಬೆಳೆದ ಈರುಳ್ಳಿಗೆ ಇನ್ನೊಂದಿರಲಿ ಅನ್ನೋದಷ್ಟೇ ನನ್ನ ವಾದ.

ಮುಂದಿನ ಅಧಿವೇಶನದಲ್ಲಿ ವಾಣಿಜ್ಯ ಸಚಿವರನ್ನು ಇಷ್ಟು ಕೇಳಿ ಸರ್. ಈರುಳ್ಳಿ ರಫ್ತಿಗೆ ಯಾವಾಗ ತಡೆ ಹಾಕಿದರೂ ರೋಸ್ ಈರುಳ್ಳಿಯನ್ನು ಆದೇಶದ ಮೊದಲ ದಿನವೇ ಹೊರಗಿಡುತ್ತೀರಾ? ಆಗದು ಎಂದಾದರೆ ಬಿತ್ತನೆಗೆ ಮುಂಚೆಯೇ ಹೇಳುತ್ತೀರಾ? ಉತ್ತರ ಲಿಖಿತವಾಗಿ ಬರಲಿ. ಅದರ ಒಂದು ಪ್ರತಿ ಚಿಕ್ಕಬಳ್ಳಾಪುರದ ಎಪಿಎಂಸಿ ಮಾರುಕಟ್ಟೆಯ ಗೋಡೆಗೂ ಅಂಟಿಸಲು ಹೇಳಿ.

ಇಂತಿ,
ಒಬ್ಬ ಸಂಶೋಧನಾ ವಿದ್ಯಾರ್ಥಿ