‘ಎಸ್‌ಒಎನ್’ ಸೂತ್ರವೊಂದೇ ಸಾಲದು

ಮಾನ್ಯ ಸಂಪಾದಕರೇ,

ಇಂಗ್ಲಿಷಿನ ಡೈರೆಕ್ಟ್ ಸ್ಪೀಚನ್ನು (ಆಡಿದ ಮಾತನ್ನು ಹಾಗೆಯೇ ಉದ್ಧರಿಸುವುದು) ಇನ್‌ಡೈರೆಕ್ಟ್ ಸ್ಪೀಚಿಗೆ (ಅದನ್ನು ವರದಿಯಾಗಿ ಹೇಳುವುದು) ಬದಲಿಸುವ ಪಾಠವೆಂದರೆ ನಮ್ಮ ಪ್ರೌಢಶಾಲೆಗಳಲ್ಲಿಯೂ ಗೈಡುಗಳಲ್ಲಿಯೂ ಇಂದಿಗೂ ‘ಎಸ್‌ಒಎನ್’ (ಸಬ್ಜೆಕ್ಟ್, ಆಬ್ಜೆಕ್ಟ್, ನೋ ಚೇಂಜ್) ಸೂತ್ರವೇ ಮುಂದೆ ಬರುತ್ತದೆ. ಉದ್ಧರಣ ಚಿಹ್ನೆಯೊಳಗಿನ ಫಸ್ಟ್ ಪರ್ಸನ್ ಸರ್ವನಾಮವನ್ನು (ಐ, ವಿ) ಹೊರಗಿನ ಸಬ್ಜೆಕ್ಟ್‌ಗೂ ಸೆಕೆಂಡ್ ಪರ್ಸನ್ ಸರ್ವನಾಮವನ್ನು (ಯು) ಆಬ್ಜೆಕ್ಟ್‌ಗೂ ಹೊಂದಿಸಬೇಕು, ಥರ್ಡ್ ಪರ್ಸನ್ ಸರ್ವನಾಮವನ್ನು (ಹಿ, ಶಿ, ದೇ) ಮುಟ್ಟಬಾರದು ಎಂಬುದು ಅದರ ತಿರುಳು. ‘ರಾಮು ಸೆಡ್ ಟು ಸೀತಾ, ಐ ವಿಲ್ ಹೆಲ್ಪ್ ಯು’ ಎಂಬುದನ್ನು ‘ರಾಮು ಟೋಲ್ಡ್ ಸೀತಾ ದಟ್ ಹಿ ವುಡ್ ಹೆಲ್ಪ್ ಹರ್’ ಎಂದು ಬದಲಿಸಲು ಇಷ್ಟು ಸಾಕು.

ಸೂತ್ರ ಮರೆಯುವುದು ಮಾತನ್ನು ಈಗ ಯಾರು, ಯಾರಿಗೆ ತಲುಪಿಸುತ್ತಿದ್ದಾರೆ ಎಂಬುದನ್ನು. ರಾಮು ನನ್ನನ್ನು ಕುರಿತು ಸೀತೆಗೆ ‘ಶಿ ಈಸ್ ಇಲ್’ ಎಂದಿದ್ದರೆ, ಅದನ್ನು ವರದಿ ಮಾಡುವ ನಾನು ‘ರಾಮು ಟೋಲ್ಡ್ ಸೀತಾ ದಟ್ ಐ ವಾಸ್ ಇಲ್’ ಎನ್ನಬೇಕಾಗುತ್ತದೆ. ಮುಟ್ಟಬಾರದೆಂದ ಸರ್ವನಾಮವೇ ಇಲ್ಲಿ ಬದಲಾಗಿದೆ. ಹಾಗೆಯೇ ತಂಡದ ನಾಯಕ ‘ವಿ ಪ್ಲೇಡ್ ವೆಲ್’ ಎಂದದ್ದನ್ನು ಪತ್ರಕರ್ತ ‘ದೇ’ ಎಂದು ಬರೆಯುತ್ತಾನೆ, ಅದೇ ತಂಡದ ಆಟಗಾರ ‘ವಿ’ ಎಂದೇ ಹೇಳುತ್ತಾನೆ. ಎರಡೂ ಸರಿ.

ಮಕ್ಕಳು ‘ರಾಮು ಸೆಡ್ ದಟ್ ಐ ವಿಲ್ ಕಮ್’ ಎಂದು ಬರೆದಾಗ ಅದನ್ನು ಅಜಾಗ್ರತೆಯೆಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುವುದು ಸುಲಭ. ಆದರೆ ಆ ವಾಕ್ಯದ ಬೇರು ನಮ್ಮ ಮಾತಿನಲ್ಲಿಯೇ ಇದೆ. ‘ನಾನು ಬರ್ತೀನಿ ಅಂತ ರಾಮು ಹೇಳಿದ’ ಎಂದರೆ ಬರುವವನು ರಾಮುವೇ ಎಂದು ಸಾಮಾನ್ಯವಾಗಿ ಎಲ್ಲರಿಗೂ ತಿಳಿಯುತ್ತದೆ, ಏಕೆಂದರೆ ಕನ್ನಡದ ‘ಅಂತ’, ‘ಎಂದು’ಗಳು ಆಡಿದ ಮಾತನ್ನು ಆಡಿದಂತೆಯೇ ಉಳಿಸಿಕೊಳ್ಳಬಲ್ಲವು. ಇಂಗ್ಲಿಷಿನ ‘ದಟ್’ ಆದ ಮೇಲೆ ಬರುವ ‘ಐ’ ಮಾತ್ರ ವರದಿ ಮಾಡುತ್ತಿರುವವರನ್ನೇ ಸೂಚಿಸುತ್ತದೆ. ಈ ವ್ಯತ್ಯಾಸವನ್ನು ಒಮ್ಮೆ ಕನ್ನಡದಲ್ಲಿಯೇ ತೋರಿಸಿದರೆ ಸೂತ್ರದ ಅರ್ಧ ಭಾರ ಇಳಿಯುತ್ತದೆ. ‘ತಾವು ರಾಜೀನಾಮೆ ನೀಡುವುದಿಲ್ಲ ಎಂದು ಸಚಿವರು ಹೇಳಿದರು’ ಎಂಬಂಥ ಪತ್ರಿಕಾ ವಾಕ್ಯಗಳಲ್ಲಿನ ‘ತಾನು’, ‘ತಾವು’ಗಳೂ ತರಗತಿಗೆ ಬರಬೇಕು. ‘ರಾಜು ಟೋಲ್ಡ್ ರವಿ ದಟ್ ಹಿ ಹ್ಯಾಡ್ ವನ್’ ಎಂಬಲ್ಲಿ ಗೆದ್ದವನು ರಾಜುವೋ ರವಿಯೋ ತಿಳಿಯದು. ‘ತಾನು ಗೆದ್ದುದಾಗಿ ರಾಜು ರವಿಗೆ ಹೇಳಿದ’ ಎಂಬಲ್ಲಿ ಆ ಗೊಂದಲವಿಲ್ಲ. ಈ ಒಂದು ವಿಷಯದಲ್ಲಿ ಇಂಗ್ಲಿಷೇ ಬಡವಾಗಿದೆ ಎಂದರೆ ಮಕ್ಕಳಿಗೆ ಸ್ವಲ್ಪ ಧೈರ್ಯವಾದರೂ ಬಂದೀತು.

ಕನ್ನಡ ಮಾಧ್ಯಮದವರಿಗೆ ಇನ್ನೊಂದು ತೊಡಕಿದೆ. ನಮ್ಮ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ಅವನು’ ಪ್ರಥಮ ಪುರುಷ. ಫಸ್ಟ್ ಪರ್ಸನ್ ಎಂದೊಡನೆ ಪ್ರಥಮ ಪುರುಷವನ್ನು ನೆನೆಯುವ ವಿದ್ಯಾರ್ಥಿಗೆ ಸೂತ್ರವೇ ತಲೆಕೆಳಗಾಗುತ್ತದೆ.

ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಬಿಡಿ ವಾಕ್ಯವೊಂದನ್ನು ಕೊಟ್ಟು ಬದಲಿಸಿರಿ ಎನ್ನುವ ಬದಲು, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬ ಒಂದು ಸಾಲಿನ ಸಂದರ್ಭವನ್ನೂ ಕೊಡಬೇಕು. ‘ಹಿ’ ಯಾರೆಂಬುದು ಅಸ್ಪಷ್ಟವಾಗುವ ಕಡೆ ಸರ್ವನಾಮದ ಬದಲು ಹೆಸರನ್ನೇ ಬರೆದ ಉತ್ತರಕ್ಕೆ ಪೂರ್ಣ ಅಂಕ ಕೊಡುವಂತೆ ಮೌಲ್ಯಮಾಪಕರಿಗೂ ಸೂಚನೆ ಹೋಗಬೇಕು.

– ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕಿ, ಹಾವೇರಿ